ದೀಪ ಮೊದಲು ಇಳಿಯಲಿ

ವರ್ಷಗಟ್ಟಲೆ ರಾಗಿ ಕಾಯುವ ಗಾಳಿಯೇ ಮನುಷ್ಯನನ್ನು ಗಳಿಗೆಯೊಳಗೆ ಕೆಡವಬಲ್ಲದು. ಹಿರೀಸಾವೆ ಸೀಮೆಯ ಹಗೇವಿನ, ಅಂದರೆ ನೆಲದಡಿಯ ಧಾನ್ಯದ ಗುಂಡಿಯ, ಬಾಯಲ್ಲಿ ನಿಂತು ಎಚ್ಚರಕ್ಕೂ ವಿವೇಕಕ್ಕೂ ಇರುವ ನಂಟನ್ನು ನೋಡಿದಾಗ...

ಹಗೇವಿನ ಬಾಯಿ ತೆಗೆದ ದಿನ ಮಕ್ಕಳನ್ನು ಅತ್ತ ಸುಳಿಯಗೊಡುತ್ತಿರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ಹಿರೀಸಾವೆಯಿಂದ ನಾಲ್ಕಾರು ಮೈಲಿ ಒಳಗಿನ ನಮ್ಮ ಹಳ್ಳಿಯಲ್ಲಿ, ಮನೆಯ ಮುಂದಿನ ದಿಬ್ಬದ ಮೇಲೆ ಮಣ್ಣು ಕೆರೆದು ಚಪ್ಪಡಿ ಸರಿಸಿದರೆ ಆಳದಿಂದ ಒಂದು ವಾಸನೆ ಏಳುತ್ತಿತ್ತು. ಹಳೇ ಹುಲ್ಲಿನದು, ಮುಗ್ಗಲು ಮಣ್ಣಿನದು, ಜೊತೆಗೆ ಹೆಸರಿಲ್ಲದ ಇನ್ನೇನೋ ಒಂದರದು. ಅದನ್ನು ಹತ್ತಿರದಿಂದ ಮೂಸುವ ಆಸೆಗೆ ನಾನು ಹೆಜ್ಜೆ ಮುಂದಿಟ್ಟರೆ ಅಜ್ಜ ಗದರುತ್ತಿದ್ದರು: "ಬಗ್ಗಬ್ಯಾಡ ಕಣ್ಲಾ, ಈಚೆಗ್ ಬಾ!"

ಚಪ್ಪಡಿ ಸರಿಸುತ್ತಿದ್ದುದು ಬೆಳಿಗ್ಗೆ. ಇಳಿಯುವ ಮಾತು ಮಧ್ಯಾಹ್ನದ ಮೇಲೆ. ಅಷ್ಟು ಹೊತ್ತು ಹಗೇವು ಬಾಯಿ ಬಿಟ್ಟುಕೊಂಡು ಬಿದ್ದಿರಬೇಕು. ನಡುನಡುವೆ ಸೊಪ್ಪಿನ ಕೊಂಬೆಗೆ ಹಗ್ಗ ಬಿಗಿದು ಒಳಗೆ ಇಳಿಬಿಟ್ಟು ಮೇಲೆ ಕೆಳಗೆ ಆಡಿಸುತ್ತಿದ್ದರು. ಆಮೇಲೆ ಲಾಟೀನಿನ ಸರದಿ. ಅಜ್ಜ ಅದನ್ನು ಹೊತ್ತಿಸಿ, ಹಗ್ಗಕ್ಕೆ ಕಟ್ಟಿ, ಮೊಳಮೊಳವಾಗಿ ಬಿಡುತ್ತಾ ಹೋಗುತ್ತಿದ್ದರು. ನನಗೆ ಚೆನ್ನಾಗಿ ನೆನಪಿರುವ ಆ ದಿನ ಬೆಳಕು ಅರ್ಧದಾರಿ ಇಳಿದು ಕುಗ್ಗಿತು, ಬತ್ತಿಯ ತುದಿಗೆ ಅಂಟಿಕೊಂಡಿತು, ನಂದಿಹೋಯಿತು. ಗಾಳಿ ಬೀಸಿರಲಿಲ್ಲ, ಎಣ್ಣೆ ಮುಗಿದಿರಲಿಲ್ಲ. ಕಣ್ಣಿಗೆ ಕಾಣದ ಯಾರೋ ಒಳಗೆ ಕೂತು ಊದಿ ಆರಿಸಿದಂತೆ ಆಗಿತ್ತು.

"ಇನ್ನೂ ಗಾಳಿ ಆಡಿಲ್ಲ. ಸಂಜೀಕ್ ನೋಡಾನ," ಎಂದರು ಅಜ್ಜ. ರಾಗಿ ಬೇಕಾಗಿತ್ತು, ಬೀಸುವ ಕಲ್ಲು ಕಾಯುತ್ತಿತ್ತು, ಆದರೂ ಎಲ್ಲರೂ ಕೈಕಟ್ಟಿ ಕೂತರು. ಸಂಜೆ ಲಾಟೀನು ತಳ ಮುಟ್ಟಿದ ಮೇಲೂ ಉರಿಯುತ್ತಿತ್ತು. ಸೊಂಟಕ್ಕೆ ಹಗ್ಗ ಬಿಗಿದುಕೊಂಡವರು ಅಂಚಿಗೆ ಬಂದು ನಿಂತರು.

ಅಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಕೊನೆಗೆ ಹೇಳುತ್ತೇನೆ. ನನಗೆ ಅದು ಅರ್ಥವಾಗುವುದಕ್ಕೆ ಎಷ್ಟೋ ವರ್ಷ ಹಿಡಿಯಿತು.

ಮಳೆ ನಂಬದ ಸೀಮೆ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಬೆಳ್ಳೂರು ಕ್ರಾಸ್ ದಾಟಿ ಹಾಸನ ಜಿಲ್ಲೆ ಹೊಕ್ಕರೆ ಹಿರೀಸಾವೆ ಸಿಗುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರ. ಊರಿನ ಹೆಸರಿನೊಳಗೇ ಸಾವೆ ಎಂಬ ಕಿರುಧಾನ್ಯದ ಸದ್ದಿದೆ. ಹಿರೀಸಾವೆ–ಚೆಟ್ಟಳ್ಳಿ ರಾಜ್ಯ ಹೆದ್ದಾರಿ ಹೊರಡುವುದೂ ಇಲ್ಲಿಂದಲೇ. ಶ್ರವಣಬೆಳಗೊಳದ ಕಡೆಗೆ ಹೊರಳಿ, ಹೊಳೆನರಸೀಪುರ, ಅರಕಲಗೂಡುಗಳನ್ನು ಹಾದು ಕೊಡಗಿನ ಕಾಫಿ ತೋಟಗಳವರೆಗೆ ಹೋಗುವ ದಾರಿ. ಆ ತುದಿಯಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಈ ತುದಿಯಲ್ಲಿ ಕರೆದರೂ ಬರುವುದಿಲ್ಲ. ಒಂದೇ ಜಿಲ್ಲೆಯ ಸಕಲೇಶಪುರದಲ್ಲಿ ವರ್ಷದ ಮಳೆ ಎರಡು ಸಾವಿರ ಮಿಲಿಮೀಟರ್ ದಾಟಿದರೆ ಚನ್ನರಾಯಪಟ್ಟಣದ ಬಯಲಿಗೆ ದಕ್ಕುವುದು ಏಳುನೂರರ ಆಸುಪಾಸು. ಅದೂ ಸರಿಯಾದ ನಕ್ಷತ್ರಕ್ಕೆ ಬಂದರೆ ಪುಣ್ಯ.

ಇಂಥ ನೆಲದಲ್ಲಿ ಬದುಕುವವರಿಗೆ ಒಳ್ಳೆಯ ವರ್ಷವೇ ದೊಡ್ಡ ಪರೀಕ್ಷೆ. ಬೆಳೆ ಬಾರದ ವರ್ಷ ಏನು ಮಾಡಬೇಕೆಂದು ಹಸಿವೇ ಹೇಳಿಕೊಡುತ್ತದೆ. ಕಣ ತುಂಬಿದ ವರ್ಷ ಹೇಳಿಕೊಡುವವರು ಯಾರೂ ಇರುವುದಿಲ್ಲ. 1876ರಿಂದ 78ರವರೆಗಿನ ಬರವನ್ನು ಹಿರಿಯರು ಸಂವತ್ಸರಗಳ ಹೆಸರಿನಿಂದಲೇ ಕರೆಯುತ್ತಿದ್ದರು: ಧಾತು, ಈಶ್ವರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷ ದಾಟಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನಮ್ಮ ಅಜ್ಜಿ ಆ ಬರವನ್ನು ಕಂಡವರಲ್ಲ, ಅವರ ಅಜ್ಜಿ ಕಂಡಿದ್ದಿರಬಹುದು. ಆದರೂ ಮುದ್ದೆ ಕಟ್ಟುವಾಗ ಮೊರದಿಂದ ಚೆಲ್ಲಿದ ಒಂದು ಚಿಟಿಕೆ ಹಿಟ್ಟನ್ನು ಅಂಗೈಯಲ್ಲಿ ಬಳಿದು ಮಡಕೆಗೆ ಹಾಕುತ್ತಿದ್ದ ರೀತಿಯಲ್ಲಿ ಧಾತು ಈಶ್ವರ ಇನ್ನೂ ಉಳಿದಿದ್ದವು.

ಹಗೇವು ಆ ನೆನಪಿಗೆ ನೆಲದೊಳಗೆ ಮಾಡಿದ ಜಾಗ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಕಥನದಲ್ಲಿ ಇಲ್ಲಿಯ ಧಾನ್ಯದ ಗುಂಡಿಗಳನ್ನು ದಾಖಲಿಸಿದ್ದಾನೆ. ಅವನ ಕಾಲಕ್ಕೇ ಅದು ಹಳೆಯ ವಿದ್ಯೆ.

ಗುಂಡಿಯ ಕಾವಲುಗಾರ

ಹಗೇವು ಎಲ್ಲೆಂದರಲ್ಲಿ ತೋಡುವಂಥದ್ದಲ್ಲ. ನೀರು ನಿಲ್ಲದ ಎತ್ತರದ ಜಾಗ, ಕುಸಿಯದ ಗಟ್ಟಿ ನೆಲ ಬೇಕು. ಬಾಯಿ ಕಿರಿದು, ಒಬ್ಬ ಆಳು ಇಳಿಯುವಷ್ಟು. ಕುತ್ತಿಗೆ ದಾಟಿದರೆ ಒಳಗೆ ಹರವಿ ಅಗಲವಾಗುವ ಹೊಟ್ಟೆ. ತೋಡಿದ ಮೇಲೆ ಒಳಗೆ ಬೆಂಕಿ ಹಾಕಿ ತೇವ ಆರಿಸುತ್ತಿದ್ದರು. ತಳಕ್ಕೂ ಪಕ್ಕಕ್ಕೂ ಹುಲ್ಲು ಹೊದಿಸಿ, ಚೆನ್ನಾಗಿ ಒಣಗಿದ ರಾಗಿ ಸುರಿದು, ಮೇಲೆ ಮತ್ತೆ ಹುಲ್ಲು ಒತ್ತಿ, ಚಪ್ಪಡಿ ಮುಚ್ಚಿ, ಸಂದು ಕಾಣದಂತೆ ಮಣ್ಣು ಮೆತ್ತುತ್ತಿದ್ದರು. ಹೀಗೆ ಮುಚ್ಚಿದ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ರಾಗಿಯ ಕಾಳು ಸಣ್ಣದು, ಹುಳುವಿಗೆ ಹೊಕ್ಕು ಮನೆ ಮಾಡುವಷ್ಟು ಎಡೆಯಿಲ್ಲ. ಆದರೆ ನಿಜವಾದ ಕಾವಲುಗಾರ ಬೇರೆ.

ಕಾಳು ಸತ್ತ ವಸ್ತುವಲ್ಲ. ಅದು ಉಸಿರಾಡುತ್ತದೆ. ಅದರ ಜೊತೆ ಸೇರಿಕೊಂಡ ಹುಳುಹುಪ್ಪಟೆ, ಬೂಷ್ಟು ಎಲ್ಲವೂ ಉಸಿರಾಡುತ್ತವೆ. ಬಾಯಿ ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ದಿನದಿನಕ್ಕೂ ಕರಗಿ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಒಂದು ಹಂತಕ್ಕೆ ಹುಳು ಬದುಕಲಾರದು, ಬೂಷ್ಟು ಬೆಳೆಯಲಾರದು. ಕಾಳು ಮಾತ್ರ ಅರೆನಿದ್ದೆಯಲ್ಲಿ ಉಳಿಯುತ್ತದೆ. ಔಷಧಿಯಿಲ್ಲ, ಖರ್ಚಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಎಂಬತ್ತರ ದಶಕದ ಕೊನೆಯಲ್ಲಿ ಆಫ್ರಿಕಾದ ಕ್ಯಾಮರೂನ್‌ನ ಅಲಸಂದೆ ಬೆಳೆಗಾರರಿಗಾಗಿ ಗಾಳಿಯಾಡದ ಪದರ ಚೀಲದ ವಿಧಾನ ಕಂಡುಕೊಂಡರು. ಪಿಕ್ಸ್ ಚೀಲ ಎಂದು ಇಂದು ಹಲವು ದೇಶಗಳ ರೈತರು ಬಳಸುವ ಆ ಚೀಲದೊಳಗಿನ ತತ್ವವೂ ಇದೇ. ಹುಳುವಿಗೆ ಉಸಿರು ಸಿಗದಂತೆ ಮಾಡುವುದು.

ಈ ಕಾವಲುಗಾರನಿಗೆ ಮಾತ್ರ ಯಜಮಾನ ಯಾರು, ಕಳ್ಳ ಯಾರು ಎಂಬ ಗುರುತಿಲ್ಲ. ಹುಳುವನ್ನು ಕೊಂದ ಗಾಳಿಯೇ ರಾಗಿ ತೆಗೆಯಲು ಇಳಿದವನನ್ನೂ ಕೊಲ್ಲುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಾಯಿ ತೆರೆದರೂ ತಾನಾಗಿ ಮೇಲೇಳದೆ ತಳದಲ್ಲಿ ಕೆರೆಯ ನೀರಿನಂತೆ ನಿಂತಿರುತ್ತದೆ. ಬಣ್ಣವಿಲ್ಲ, ಎಚ್ಚರಿಸುವಂಥ ವಾಸನೆಯಿಲ್ಲ. ಬರಗಾಲದಿಂದ ಉಳಿಯಲೆಂದು ಕಟ್ಟಿದ ಎಚ್ಚರದ ಹೊಟ್ಟೆಯಲ್ಲೇ ಇನ್ನೊಂದು ಅಪಾಯ ಬಸಿರಾಗಿ ಕೂತಿತ್ತು.

ಸಾಂಗ್ಲಿಯ ಪಕ್ಕದ ಹರಿಪುರದಲ್ಲಿ ಅರಿಶಿನವನ್ನು ಹೀಗೇ ನೆಲದಡಿಯ ಗುಂಡಿಗಳಲ್ಲಿ ಇಡುತ್ತಿದ್ದರು. ಪೇವ್ ಎನ್ನುತ್ತಾರೆ. ಹುಳು, ಬೆಂಕಿ, ಕಳ್ಳ, ಮೂರರಿಂದಲೂ ಕಾಯುತ್ತಿದ್ದ ಆ ಗುಂಡಿಗಳಲ್ಲಿ ಬಹುಪಾಲನ್ನು 2005ರ ಕೃಷ್ಣಾ ಪ್ರವಾಹ ಹಾಳುಮಾಡಿತು. ಯಾವ ಎಚ್ಚರವೂ ಎಲ್ಲ ದಿಕ್ಕಿಗೂ ಮುಖ ಮಾಡಿ ನಿಂತಿರುವುದಿಲ್ಲ. ಅದು ಯಾವ ದಿಕ್ಕಿಗೆ ಬೆನ್ನು ಹಾಕಿದೆ ಎಂದು ನೋಡಿಕೊಳ್ಳುವ ಕೆಲಸ ವಿವೇಕದ್ದು.

ಲಾಟೀನು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ದೀಪ ಇಳಿಸುವ ಪದ್ಧತಿ ಮೂಢನಂಬಿಕೆಯಲ್ಲ, ಲೆಕ್ಕ ಪಕ್ಕಾ ಇದೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟು. ಅದು ಸುಮಾರು 16ಕ್ಕೆ ಇಳಿಯುವ ಹೊತ್ತಿಗೆ ಸಾಮಾನ್ಯ ದೀಪ ಆರುತ್ತದೆ. ಆ ಮಟ್ಟದಲ್ಲಿ ಮನುಷ್ಯನಿಗೆ ಏದುಸಿರು ಬರುತ್ತದೆ, ತಲೆ ಭಾರವಾಗುತ್ತದೆ, ಆದರೆ ಅವನು ಮೇಲೆ ಹತ್ತಿ ಬರಬಲ್ಲ. ಹತ್ತಕ್ಕಿಂತ ಕೆಳಗೆ ಹೋದರೆ ಪ್ರಜ್ಞೆ ತಪ್ಪುತ್ತದೆ. ಅಂದರೆ ದೀಪದ ಸಾವಿಗೂ ಮನುಷ್ಯನ ಸಾವಿಗೂ ನಡುವೆ ಒಂದಿಷ್ಟು ಅಂತರವಿದೆ. ಹಗೇವಿನ ವಿದ್ಯೆಯೆಲ್ಲ ಇರುವುದು ಆ ಅಂತರದಲ್ಲಿ. ಶೇಕಡಾವಾರು ಲೆಕ್ಕ ಗೊತ್ತಿಲ್ಲದ ಜನ ಅದನ್ನು ಕಂಡುಕೊಂಡಿದ್ದರು. ಯಾರ ಸಾವಿನಿಂದ ಕಂಡುಕೊಂಡರೋ, ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಇದೇ ಲಾಟೀನನ್ನು ಪಟ್ಟಣದ ಮ್ಯಾನ್‌ಹೋಲ್‌ಗೆ ಇಳಿಸಿದರೆ? ಅಲ್ಲಿ ಕೊಳೆತ ಮಲಿನದಿಂದ ಹುಟ್ಟುವ ಮೀಥೇನ್‌ಗೆ ಬೆಂಕಿ ಸೋಕಿದರೆ ಸಿಡಿಯಬಹುದು. ಹೈಡ್ರೋಜನ್ ಸಲ್ಫೈಡ್ ಆದರೆ ದೀಪ ಆರಾಮವಾಗಿ ಉರಿಯುತ್ತಿರುವಾಗಲೇ ಮನುಷ್ಯನನ್ನು ಕೆಡವುವಷ್ಟು ಇರಬಹುದು. ಹಗೇವಿನಲ್ಲಿ ಜೀವ ಉಳಿಸಿದ ದೀಪ ಅಲ್ಲಿ ಸುಳ್ಳು ಸಾಕ್ಷಿ. ಪದ್ಧತಿಯನ್ನು ಕಂಠಪಾಠ ಮಾಡಿದವನು ಎರಡೂ ಕಡೆ ದೀಪ ಇಳಿಸುತ್ತಾನೆ. ದೀಪ ಏಕೆ ಆರುತ್ತದೆ ಎಂದು ಬಲ್ಲವನು ಎಲ್ಲಿ ಇಳಿಸಬಾರದು ಎಂಬುದನ್ನೂ ಬಲ್ಲ. ಎಚ್ಚರವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಬಹುದು, ನಿಯಮ ಮಾಡಿ ಗೋಡೆಗೆ ಅಂಟಿಸಬಹುದು. ಅದರ ಹಿಂದಿನ ಕಾರಣ ಮರೆತಲ್ಲಿ ಅದು ಬರೀ ಶಾಸ್ತ್ರವಾಗಿ ಉಳಿಯುತ್ತದೆ.

ಇನ್ನೊಂದು ಕಹಿಸತ್ಯವೂ ಉಂಟು. ಇಂಥ ಮುಚ್ಚಿದ ಜಾಗಗಳಲ್ಲಿ ಮೊದಲು ಬಿದ್ದವನ ಜೊತೆಗೆ ಅವನನ್ನು ಎತ್ತಲು ಇಳಿದವರೂ ಸಾಯುತ್ತಾರೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1986ರಲ್ಲಿ ಹೊರಡಿಸಿದ ಎಚ್ಚರಿಕೆಯ ಪ್ರಕಾರ ಇಂಥ ಸಾವುಗಳಲ್ಲಿ ಶೇ 60ಕ್ಕಿಂತ ಹೆಚ್ಚು ಮಂದಿ ರಕ್ಷಿಸಲು ಹೋದವರೇ. ತಮ್ಮ ಬಿದ್ದ, ಅಣ್ಣ ಹಾರಿದ. ಅಣ್ಣ ಏಳಲಿಲ್ಲ, ಅಪ್ಪ ಇಳಿದರು. ಅವರಲ್ಲಿ ಯಾರನ್ನೂ ಹೇಡಿ ಎನ್ನಲಾಗದು, ಮೂರ್ಖ ಎನ್ನಲು ನಾಲಿಗೆ ಏಳದು. ಅಂಥ ಗಳಿಗೆಯಲ್ಲಿ ಕಾಲು ತಡೆದು ನಿಲ್ಲುವುದಕ್ಕೆ ಹಾರುವುದಕ್ಕಿಂತ ದೊಡ್ಡ ಎದೆ ಬೇಕು. ಅದಕ್ಕೇ ಹಗ್ಗವನ್ನು ಮೊದಲೇ ಸೊಂಟಕ್ಕೆ ಕಟ್ಟುತ್ತಿದ್ದುದು. ಪ್ರೀತಿ ಬುದ್ಧಿಯನ್ನು ಮೀರುವ ಗಳಿಗೆ ಬಂದೀತೆಂದು ಬಲ್ಲ ಹಿರಿಯರು ಆ ಗಳಿಗೆಗೆ ಮುಂಚೆಯೇ ಯೋಚಿಸಿ ಮುಗಿಸಿದ್ದರು.

ಹುಷಾರು ಎಂಬ ಮಾತು

ಕನ್ನಡದಲ್ಲಿ ಹುಷಾರು ಎಂಬ ಪದ ಮಾಡುವ ಕೆಲಸ ನೋಡಿ. ರಸ್ತೆ ದಾಟುವ ಮಗುವಿಗೆ "ಹುಷಾರು" ಎಂದರೆ ಜೋಕೆ ಎಂದರ್ಥ. "ಹುಡುಗಿ ಬಲು ಹುಷಾರು" ಎಂದರೆ ಜಾಣೆ. "ಮೈ ಹುಷಾರಿಲ್ಲ" ಎಂದರೆ ಕಾಯಿಲೆ. ಪಾರಸಿಯಿಂದ ಬಂದ ಮಾತು, ಅಲ್ಲಿ ಹೋಶ್ ಎಂದರೆ ಪ್ರಜ್ಞೆ, ಅರಿವು. ನಾವು ಅದನ್ನು ತಂದು ಜಾಗ್ರತೆ, ಜಾಣತನ, ಆರೋಗ್ಯ ಮೂರಕ್ಕೂ ಒಂದೇ ಅಂಗಿ ತೊಡಿಸಿದೆವು. ಜಾಣನಾಗಿದ್ದೂ ಜೋಕೆಯಿಲ್ಲದವನು ಈ ಭಾಷೆಯ ಪ್ರಕಾರ ಪೂರ್ತಿ ಹುಷಾರಲ್ಲ.

ಎಚ್ಚರ ಇನ್ನೂ ಆಳದ ಮಾತು. ನಿದ್ದೆಯಿಂದ ಏಳುವುದೂ ಎಚ್ಚರವೇ, ಅಪಾಯ ಕಂಡು ತಡೆಯುವುದೂ ಎಚ್ಚರವೇ. ಹಾಗಾಗಿ ಎಚ್ಚರದ ಎದುರುಪದ ಧೈರ್ಯವಲ್ಲ, ನಿದ್ದೆ. ಹಿರೀಸಾವೆಯ ಹೆದ್ದಾರಿ ಬದಿಯಲ್ಲಿ ನಡುರಾತ್ರಿ ಲಾರಿ ನಿಲ್ಲಿಸಿ, ಮುಖಕ್ಕೆ ನೀರು ಎರಚಿಕೊಂಡು ಟೀ ಕುಡಿಯುವ ಚಾಲಕನಿಗೆ ಈ ಪದದ ಎರಡೂ ಅರ್ಥ ಒಟ್ಟಿಗೇ ಗೊತ್ತು. ಅವನು ಹೆದರಿ ನಿಲ್ಲಿಸಿದವನಲ್ಲ. ಮಂಗಳೂರು ತಲುಪಬೇಕೆಂದೇ ನಿಲ್ಲಿಸಿದವನು.

ಹೆದರಿಕೆ ಎಚ್ಚರದ ವೇಷ ಹಾಕಿಕೊಂಡು ಬರುವುದು ನಮ್ಮ ಗಾದೆ ಕಟ್ಟಿದವರಿಗೆ ತಿಳಿದಿತ್ತು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರೂ ಇದ್ದಾರೆ. ಒಂದು ಕಡೆ "ಆತುರಗಾರನಿಗೆ ಬುದ್ಧಿ ಮಟ್ಟ" ಎನ್ನುವ ಅದೇ ಜನ ಇನ್ನೊಂದು ಕಡೆ "ಗಾಳಿ ಬಂದಾಗ ತೂರಿಕೋ" ಎಂದರು. ತಾಳು ಎನ್ನುವುದೂ ಗಾದೆಯೇ, ಏಳು ಎನ್ನುವುದೂ ಗಾದೆಯೇ. ಕಣದಲ್ಲಿ ಮೊರ ಹಿಡಿದು ನಿಂತವನಿಗೆ ಯಾವುದು ಯಾವಾಗ ಎಂದು ಗಾದೆ ಹೇಳುವುದಿಲ್ಲ, ಕೆನ್ನೆಗೆ ತಾಕುವ ಗಾಳಿ ಹೇಳುತ್ತದೆ. ಗಾಳಿಯಿಲ್ಲದಾಗ ತೂರಿದರೆ ಹೊಟ್ಟು ಕಾಳಿನ ಮೇಲೇ ಬೀಳುತ್ತದೆ. ಗಾಳಿ ಬಂದಾಗ ಇನ್ನಷ್ಟು ಬರಲೆಂದು ಕಾದರೆ ರಾಶಿ ಹಾಗೇ ಉಳಿದು ಮೇಲೆ ಮಳೆ ಹೊಯ್ಯುತ್ತದೆ.

ಹಗೇವಿಗೂ ಈ ಮಾತು ಸಲ್ಲುತ್ತದೆ. ತುಂಬುವುದು ಎಚ್ಚರ. ಯಾವ ವರ್ಷ ತೆಗೆಯಬೇಕು, ಯಾರಿಗೆ ಅಳೆಯಬೇಕು ಎಂಬುದು ವಿವೇಕ. ಎಂದೂ ತೆಗೆಯದ ಹಗೇವು ಗೋರಿಗಿಂತ ಬೇರೆಯಲ್ಲ.

ಸಾಲು, ಅಟ್ಟ, ಕೊಳವೆಬಾವಿ

ಇಲ್ಲಿಯ ರಾಗಿ ಹೊಲದಲ್ಲಿ ರಾಗಿ ಒಂದೇ ಇರುತ್ತಿರಲಿಲ್ಲ. ಇಷ್ಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಬದುವಿನಂಚಿಗೆ ಹರಳು. ಮುಂಗಾರು ಕೈಕೊಟ್ಟರೆ ತೊಗರಿ ತಡೆದುಕೊಂಡೀತು, ರಾಗಿ ಸೊರಗಿದರೆ ಸೊನೆ ಅವರೆ ಆಸರೆಯಾದೀತು. ಎಲ್ಲವೂ ಚೆನ್ನಾಗಿ ಬಂದ ವರ್ಷ ಲೆಕ್ಕ ಹಾಕಿದರೆ ಅಕ್ಕಡಿ ಸಾಲಿನ ಜಾಗದಷ್ಟು ರಾಗಿ ನಷ್ಟ. ಆ ನಷ್ಟವನ್ನು ಪ್ರತಿ ವರ್ಷ ಗೊತ್ತಿದ್ದೇ ಒಪ್ಪಿಕೊಳ್ಳುತ್ತಿದ್ದರು. ಎಚ್ಚರಕ್ಕೆ ಬೆಲೆ ಕೊಡಬೇಕು, ಅದು ಪುಕ್ಕಟೆ ಸಿಗುವುದಿಲ್ಲ ಎಂದು ತಿಳಿದವರ ಬೇಸಾಯ ಅದು.

ಈಗ ಈ ಸೀಮೆಯ ಬದುಕು ನಿಂತಿರುವುದು ತೆಂಗಿನ ಮೇಲೆ. ಉಂಡೆ ಕೊಬ್ಬರಿ ತಾಳ್ಮೆಯ ಪದಾರ್ಥ. ಬಲಿತ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ, ಹೆಚ್ಚೂಕಡಿಮೆ ಒಂದು ವರ್ಷ, ಬಿಸಿಲು ಮಳೆ ಸೋಕದಂತೆ ಇಡಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವವರೆಗೆ ಕಾಯಬೇಕು. 2023ರಲ್ಲಿ ಮಾರುಕಟ್ಟೆಯ ಬೆಲೆ ಕೇಂದ್ರದ ಬೆಂಬಲ ಬೆಲೆಗಿಂತ ಕೆಳಗೆ ಕುಸಿಯಿತು. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಎರಡು ವರ್ಷ ಕಳೆದು, 2025ರಲ್ಲಿ, ತಿಪಟೂರು ಮಾರುಕಟ್ಟೆಯಲ್ಲಿ ಅದೇ ಕೊಬ್ಬರಿ 25,000 ದಾಟಿತು. ಬೆಲೆ ಬಿದ್ದಾಗ ಮಾರಿದವರನ್ನು ಆತುರಗಾರರೆಂದೂ ಅಟ್ಟದಲ್ಲಿ ಉಳಿಸಿಕೊಂಡವರನ್ನು ಜಾಣರೆಂದೂ ಟೀ ಅಂಗಡಿಯಲ್ಲಿ ಕೂತು ತೀರ್ಪು ಕೊಡುವುದು ಸುಲಭ. ಆದರೆ ಮಗಳ ಮದುವೆಯ ಸಾಲ, ಆಸ್ಪತ್ರೆಯ ಬಿಲ್ಲು, ಸಹಕಾರ ಸಂಘದ ಕಂತು ಇದ್ದವರಿಗೆ ಅಟ್ಟ ಇದ್ದರೂ ಕಾಯುವ ಅವಕಾಶ ಇರಲಿಲ್ಲ. ಕಾಯುವುದೂ ಒಂದು ಆಸ್ತಿ. ಬಡವನ ಆತುರವನ್ನು ಅವಿವೇಕ ಎನ್ನುವ ಮುನ್ನ ಅವನ ಅಟ್ಟ ಎಷ್ಟು ಎತ್ತರವಿದೆ ನೋಡಬೇಕು. ಇನ್ನೊಂದು ಮಾತು: ಬೆಲೆ ಏರದೇ ಹೋಗಿದ್ದರೆ ಅದೇ ಟೀ ಅಂಗಡಿ ಕಾದವನನ್ನೇ ಮಂಕು ಎನ್ನುತ್ತಿತ್ತು. ಫಲ ನೋಡಿ ವಿವೇಕ ಅಳೆಯುವುದೆಂದರೆ ಮಳೆ ಬಂದ ಮೇಲೆ ಭವಿಷ್ಯ ಹೇಳಿದಂತೆ.

ಕೊಳವೆಬಾವಿಯ ಕಥೆ ಇದಕ್ಕಿಂತ ಕಷ್ಟದ್ದು. ತೋಟ ಒಣಗೀತೆಂಬ ಭಯಕ್ಕೆ ಒಬ್ಬ ಆಳಕ್ಕೆ ಕೊರೆಸುತ್ತಾನೆ. ತನ್ನ ನೀರು ಅತ್ತ ಹೋದೀತೆಂದು ಪಕ್ಕದವನು ಇನ್ನೂ ಆಳಕ್ಕೆ ಕೊರೆಸುತ್ತಾನೆ. ಒಬ್ಬೊಬ್ಬರದೂ ಮುನ್ನೆಚ್ಚರಿಕೆಯೇ, ಒಬ್ಬೊಬ್ಬರ ಲೆಕ್ಕವೂ ಸರಿಯೇ. ಎಲ್ಲರ ಎಚ್ಚರ ಕೂಡಿ ಊರಿನ ಅಂತರ್ಜಲ ಬರಿದಾಗುತ್ತದೆ. ತನ್ನ ಬೇಲಿಯೊಳಗೇ ನಿಂತ ಎಚ್ಚರ ಊರಿಗೆ ಕೇಡಾಗಬಲ್ಲದು. ಹಳಬರು ಮೊದಲು ಕೆರೆ ಕಟ್ಟಿಸಿದರು, ಆಮೇಲೆ ಬಾವಿ ತೋಡಿದರು. ಬಾವಿಯ ನೀರು ಕೆರೆಯ ಹಂಗಿನಲ್ಲಿದೆ ಎಂದು ಅವರಿಗೆ ತಿಳಿದಿತ್ತು.

ಒಂದು ನೊಗದುದ್ದದ ನೆಲ

ಹಿರೀಸಾವೆಯಿಂದ ಶ್ರವಣಬೆಳಗೊಳ ಬಸ್ಸಿನಲ್ಲಿ ಅರ್ಧ ತಾಸಿನ ಹಾದಿ. 981ರಲ್ಲಿ ಚಾವುಂಡರಾಯ ನಿಲ್ಲಿಸಿದನೆಂಬ 58 ಅಡಿಯ ಗೊಮ್ಮಟನನ್ನು ನೋಡಲು ಬರುವವರೆಲ್ಲ ದೊಡ್ಡ ಬೆಟ್ಟ ಹತ್ತಿ ಇಳಿದು ಹೋಗುತ್ತಾರೆ. ಎದುರಿನ ಚಿಕ್ಕ ಬೆಟ್ಟದಲ್ಲಿ ಅದಕ್ಕಿಂತ ಮುನ್ನೂರೈವತ್ತು ವರ್ಷಗಳಿಗೂ ಹಳೆಯ ಶಾಸನವೊಂದಿದೆ, ಕ್ರಿ.ಶ. 600ರ ಸುಮಾರಿನದು. ಅದು ಹೇಳುವುದು ಒಂದು ಮುನ್ನೆಚ್ಚರಿಕೆಯ ಕಥೆ. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿ ಹನ್ನೆರಡು ವರ್ಷಗಳ ಕ್ಷಾಮ ಬರಲಿದೆ ಎಂದು ನಿಮಿತ್ತ ನೋಡಿ ಹೇಳಿದರು, ಸಂಘ ದಕ್ಷಿಣಕ್ಕೆ ಹೊರಟಿತು. ಆ ಸಂಘದ ಜೊತೆ ಚಂದ್ರಗುಪ್ತ ಮೌರ್ಯನೂ ಬಂದನೆಂಬುದು ಪರಂಪರೆಯ ನಂಬಿಕೆ. ಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರು ಅದರಿಂದಲೇ. ಈ ಸೀಮೆಯ ಅತಿ ಹಳೆಯ ಕಥೆಗಳಲ್ಲೊಂದು ಯುದ್ಧದ್ದಲ್ಲ, ಗೆಲುವಿನದ್ದಲ್ಲ. ಬರ ಬರುವ ಮುಂಚೆ ಎದ್ದು ಹೊರಟವರದ್ದು.

ಬೆಳಗೊಳದ ರಸ್ತೆಯಲ್ಲಿ ದಿಗಂಬರ ಮುನಿಗಳು ನಡೆಯುವುದನ್ನು ನೋಡಿದವರಿಗೆ ಅವರ ಕೈಯಲ್ಲಿನ ನವಿಲುಗರಿಯ ಪಿಂಛಿ ಗೊತ್ತು. ಕೂರುವ ಮುನ್ನ ನೆಲವನ್ನು ಅದರಿಂದ ಮೆಲ್ಲಗೆ ಸವರುತ್ತಾರೆ, ಇರುವೆ ಹುಳು ಸಿಕ್ಕಿ ಸಾಯದಿರಲೆಂದು. ನಡೆಯುವಾಗ ಕಣ್ಣು ಮುಂದಿನ ಒಂದು ನೊಗದುದ್ದದ ನೆಲದ ಮೇಲೆ, ಸುಮಾರು ನಾಲ್ಕು ಮೊಳ. ಇದಕ್ಕೆ ಈರ್ಯಾಸಮಿತಿ ಎಂದು ಹೆಸರು. ಮುನಿಗಳ ಐದು ಸಮಿತಿಗಳಲ್ಲಿ ಇದು ಮೊದಲನೆಯದು. ಮಾತು, ಆಹಾರ, ವಸ್ತುಗಳನ್ನು ಎತ್ತಿಡುವುದು, ಮಲಮೂತ್ರ ವಿಸರ್ಜನೆ ಉಳಿದ ನಾಲ್ಕರ ವಿಷಯ. ಮಳೆಗಾಲದಲ್ಲಿ ನೆಲದ ತುಂಬ ಜೀವ ಹರಿದಾಡುತ್ತದೆಂದು ನಾಲ್ಕು ತಿಂಗಳು ಸಂಚಾರವನ್ನೇ ನಿಲ್ಲಿಸುತ್ತಾರೆ.

ಉಮಾಸ್ವಾಮಿಯವರ ತತ್ತ್ವಾರ್ಥಸೂತ್ರ ಹಿಂಸೆಗೆ ಕೊಡುವ ಲಕ್ಷಣದಲ್ಲಿ ಪ್ರಾಣ ಹೋಗುವುದರ ಜೊತೆಗೆ ಪ್ರಮಾದವೂ ಸೇರಿದೆ. ಪ್ರಮಾದವೆಂದರೆ ಮೈಮರೆವು, ಅಜಾಗರೂಕತೆ. ಕೊಲ್ಲುವ ಮನಸ್ಸಿರಲಿಲ್ಲ ಎಂದು ಅಲ್ಲಿ ಕೈ ತೊಳೆದುಕೊಳ್ಳಲಾಗದು. ನೋಡದೆ ಕಾಲಿಟ್ಟದ್ದೇ ತಪ್ಪು. ನಾವು ಸಾಮಾನ್ಯವಾಗಿ ಎಚ್ಚರ ಎನ್ನುವಾಗ ನಮ್ಮ ಚರ್ಮದ ಚಿಂತೆಯಲ್ಲಿರುತ್ತೇವೆ. ನನ್ನ ಕಾಲಿಗೆ ಮುಳ್ಳು ಚುಚ್ಚೀತೇ? ಬೆಳಗೊಳದ ಎಚ್ಚರ ಅದೇ ನೆಲವನ್ನು ನೋಡುತ್ತಾ ಬೇರೆ ಪ್ರಶ್ನೆ ಕೇಳುತ್ತದೆ. ನನ್ನ ಕಾಲಡಿ ಯಾರಾದರೂ ಸಿಕ್ಕಾರೇ?

ಹಗ್ಗದ ಎರಡು ತುದಿ

ಈಗ ಆ ಸಂಜೆಗೆ ಹಿಂತಿರುಗುತ್ತೇನೆ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅಂಚಿಗೆ ಬಂದವರು ನಮ್ಮ ಹೊಲಗದ್ದೆಯಲ್ಲಿ ದುಡಿಯುತ್ತಿದ್ದವರು, ಊರಾಚೆಯ ಕೇರಿಯವರು. ನಮ್ಮ ಹಗೇವಿಗೆ ಇಳಿಯುತ್ತಿದ್ದುದು ಯಾವಾಗಲೂ ಅವರೇ. ಅಜ್ಜ ಇಳಿದದ್ದನ್ನು ನಾನೊಮ್ಮೆಯೂ ನೋಡಲಿಲ್ಲ. ರಾಗಿ ನಮ್ಮದು, ಲಾಟೀನು ನಮ್ಮದು, ಉಸಿರು ಮಾತ್ರ ಅವರದು.

ಲಾಟೀನು ತಳದಲ್ಲಿ ಉರಿಯುತ್ತಿತ್ತು. ಅಜ್ಜ "ಇನ್ನೇನಿಲ್ಲ, ಇಳಿ" ಎಂದರು. ಹಗ್ಗ ಬಿಗಿದುಕೊಂಡವರು ಇಳಿಯಲಿಲ್ಲ. ಬಗ್ಗಿ ನೋಡಿ, ತಲೆಯ ಮೇಲಿನ ವಸ್ತ್ರ ಸರಿಪಡಿಸಿಕೊಳ್ಳುತ್ತಾ ಮೆಲ್ಲಗೆ ಅಂದರು: "ಆ ಮೂಲೇಗೊಂದ್ ಕಿತ ಬುಡಿ, ಬುದ್ಧಿ."

ಬುದ್ಧಿ. ಈ ಸೀಮೆಯಲ್ಲಿ ಕೇರಿಯವರು ಗೌಡರನ್ನು ಹಾಗೆ ಕರೆಯಬೇಕಾಗಿದ್ದ ಕಾಲ ಅದು. ವಿವೇಕ ಎಂಬರ್ಥದ ಮಾತನ್ನೇ ಯಜಮಾನನಿಗೆ ಹೆಸರಾಗಿ ಒಪ್ಪಿಸಿಬಿಟ್ಟಿದ್ದರು.

ಅಜ್ಜನ ಮುಖ ಬಿಗಿಯಿತು. ಹೊತ್ತು ಮುಳುಗುತ್ತಿತ್ತು. ಒಂದು ಕ್ಷಣ ಬಯ್ಯುತ್ತಾರೆಂದುಕೊಂಡೆ. ಆದರೆ ಅವರು ಹಗ್ಗ ಎಳೆದು ಲಾಟೀನನ್ನು ಹಗೇವಿನ ಹೊಟ್ಟೆಯ ಇನ್ನೊಂದು ಪಕ್ಕಕ್ಕೆ ತೂಗಿಬಿಟ್ಟರು. ಅಲ್ಲಿ ಹೋಗಿ ಬೆಳಕು ಕುಗ್ಗಿತು. ನಂದಲಿಲ್ಲ, ಕುಗ್ಗಿತು ಅಷ್ಟೇ. ಇಬ್ಬರೂ ಅದನ್ನು ನೋಡಿದರು, ಇಬ್ಬರೂ ಏನೂ ಮಾತಾಡಲಿಲ್ಲ. ಅಜ್ಜ ಲಾಟೀನು ಮೇಲೆಳೆದುಕೊಂಡರು. ಇಳಿಯಬೇಕಿದ್ದವರು ಸೊಂಟದ ಹಗ್ಗ ಬಿಚ್ಚಿದರು. ಅಂದು ರಾತ್ರಿ ಪಕ್ಕದ ಮನೆಯಿಂದ ಕಡ ತಂದ ಹಿಟ್ಟಿನಲ್ಲಿ ಮುದ್ದೆಯಾಯಿತು. ರಾಗಿ ತೆಗೆದದ್ದು ಮಾರನೆಯ ಮಧ್ಯಾಹ್ನ.

ಹಗೇವಿನೊಳಗೆ ಹತ್ತಾರು ಸಲ ಇಳಿದ ಮೈಗೆ ಗೊತ್ತಿದ್ದ ಆ ಮೂಲೆ, ಮೇಲೆ ನಿಂತವರ ಕಣ್ಣಿಗೆ ಕಾಣುತ್ತಿರಲಿಲ್ಲ. ನಗರಗಳ ಒಳಚರಂಡಿಯಲ್ಲಿ ಇಂದಿಗೂ ಸಾಯುವವರಿಗೆ ಸಿಗದೇ ಹೋದದ್ದು ಈ ಒಂದು ಮಾತನ್ನು ಆಡುವ, ಆಡಿದರೆ ಕೇಳಿಸಿಕೊಳ್ಳುವ ಅವಕಾಶ. 2013ರಲ್ಲಿ ಹೀಗೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸುವ ಕಾನೂನು ಬಂತು; 2014ರಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿ ಸಾವಿಗೆ ಹತ್ತು ಲಕ್ಷ ಪರಿಹಾರ ಎಂದಿತು; 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂತೆಂದರೆ ಇಳಿಸುವುದು ನಿಂತಿಲ್ಲವೆಂದೇ ಅರ್ಥ. ಎಚ್ಚರದ ನಿಯಮ ಬರೆಯುವವರು ಮೇಲಿರುತ್ತಾರೆ. ಆ ನಿಯಮ ಸಾಲದು ಎಂದು ಗೊತ್ತಿರುವವರು ಹಗ್ಗದ ಕೆಳತುದಿಯಲ್ಲಿರುತ್ತಾರೆ.

ನಮ್ಮ ಹಗೇವು ಮುಚ್ಚಿ ಮೂವತ್ತು ವರ್ಷ ಮೇಲಾಯಿತು. ದಿಬ್ಬದ ಮೇಲೆ ಈಗ ತೆಂಗಿನಕಾಯಿ ಸುಲಿಯುತ್ತಾರೆ. ಚಪ್ಪಡಿ ಬಚ್ಚಲಿನ ಕಲ್ಲಾಗಿದೆ. ಲಾಟೀನು ಅಟ್ಟದಲ್ಲೆಲ್ಲೋ ಇರಬೇಕು. ಅಜ್ಜ ಜಾಗರೂಕ ಮನುಷ್ಯ, ಅದರಲ್ಲಿ ಅನುಮಾನವಿಲ್ಲ. ಅಂದು ಅವರು ಕಂಡ ವಿವೇಕ ಮಾತ್ರ ಅವರ ಸ್ವಂತದ್ದಲ್ಲ, ಕೇಳಿಸಿಕೊಂಡದ್ದು. "ಬುದ್ಧಿ" ಎಂದು ಕರೆಸಿಕೊಂಡವರಿಗೆ ಕರೆದವರು ಕೊಟ್ಟದ್ದು.